ದಾರ ಎಳೆದು ತೋರಿಸಿದ ಔಟ್

"ಚೆಂಡು ವಿಕೆಟ್‌ಗೆ ಬಡಿದೇ ಇಲ್ಲ, ಔಟ್ ಹೆಂಗಾದ್ರಿ?" ಎಂದು ಗಾರೆ ಕೆಲಸದ ಮಲ್ಲಪ್ಪನನ್ನು ಅವನ ಹೆಂಡತಿ ಕೇಳಿದಳು. ಲಿಂಗಂಪಲ್ಲಿಯಲ್ಲಿ ಕಂಪ್ಯೂಟರ್ ಕಂಪನಿಗೆಂದು ನಾವು ಕಟ್ಟುತ್ತಿದ್ದ ಕಟ್ಟಡದ ಹಿಂದೆ ಭಾನುವಾರದ ಕ್ರಿಕೆಟ್ ನಡೆದಿತ್ತು. ಚೆಂಡು ಕಾಲಿಗೆ ಬಡಿದು ಮಲ್ಲಪ್ಪ ಎಲ್‌ಬಿಡಬ್ಲ್ಯೂ ಆಗಿದ್ದ. ಅವನು ಗೋಡೆಯ ಸಾಲು ನೋಡುವ ದಾರವನ್ನು ತಂದು, ಚೆಂಡು ಪುಟಿದ ಜಾಗದಿಂದ ಇಟ್ಟಿಗೆಯ ವಿಕೆಟ್‌ವರೆಗೆ ಎಳೆದು ಹಿಡಿದ. "ನೋಡು, ನಡುವ ನನ್ನ ಕಾಲು ಐತಿ. ಕಾಲು ಇಲ್ಲಂದ್ರ ಚೆಂಡು ಎಲ್ಲಿಗೆ ಹೋಗ್ತಿತ್ತು?"

"ಇಟ್ಟಂಗಿಗೆ. ಹಂಗಾರ ಬ್ಯಾಟು ಬಿಟ್ಟು ಕಾಲಿಲೆ ಆಡಿದ್ರಿ ಅನ್ರಿ," ಎಂದು ಅವಳು ನಕ್ಕಳು.

ನನಗೆ ನಗು ಬರಲಿಲ್ಲ. ಮೊದಲು ನನ್ನ ಜೊತೆ ಇಲ್ಲೇ ಇಟ್ಟಿಗೆ ಹೊರುತ್ತಿದ್ದ ತಂಗಿ ಶರಣಮ್ಮ, ಚಹಾದಂಗಡಿಯ ಟಿವಿ ಮುಂದೆ ಒಮ್ಮೆ ಇದನ್ನೇ ಕೇಳಿದ್ದಳು. "ಇಟ್ಟಂಗಿ ಹೊರಾಕಿಗೆ ಯಾಕ ಬೇಕು ಅದು?" ಎಂದು ಗೆಳೆಯರೆದುರು ಅಂದುಬಿಟ್ಟೆ. ಎಲ್ಲರೂ ನಕ್ಕರು. ನಿಜ ಹೇಳಬೇಕೆಂದರೆ ಆ ನಿಯಮ ಆಗ ನನಗೂ ಗೊತ್ತಿರಲಿಲ್ಲ. ಅವಳು ಮತ್ತೆಂದೂ ನನ್ನ ಪಕ್ಕ ಕುಳಿತು ಆಟ ನೋಡಲಿಲ್ಲ. ಮದುವೆಯಾಗಿ ಪುಣೆಗೆ ಹೋದಳು.

ಅಂದು ಸಂಜೆ ಅವಳಿಗೆ ಫೋನ್ ಮಾಡಿ ಆ ನಿಯಮವನ್ನು ಬಿಡಿಸಿ ಹೇಳಿದೆ. "ಈಗ ನಾ ಆಟ ನೋಡೂದಿಲ್ಲಣ್ಣ. ನಿಂದು ಊಟ ಆತೇನು?" ಎಂದಳು.

ತಪ್ಪಾಯಿತು ಎನ್ನುವ ಬದಲು "ಆತು" ಎಂದು ಫೋನ್ ಇಟ್ಟೆ. ಅದು ಯಾಕೆ, ಇದು ಹೇಗೆ ಎಂದು ಕೆಲಸದ ನಡುವೆಯೂ ನನ್ನನ್ನು ಕಾಡುತ್ತಿದ್ದವಳು ಈಗ ಊಟದ ಮಾತೊಂದನ್ನೇ ಕೇಳುತ್ತಾಳೆ. ಅವಳ ಫೋನ್ ಬಂದಾಗಲೆಲ್ಲ, ಇನ್ನೇನಾದರೂ ಕೇಳಿಯಾಳೇ ಎಂದು ಕಾಯುತ್ತೇನೆ.