ನನ್ನ ಬೆರಳು ಕಾಣದ ಪಚ್ಚೆ

ಮದ್ದೂರಿನ ಪೇಟೆಯಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ಕೈಗಿಂತ ಬಾಯಿ ಜೋರು. ಓಲೆ ಮಾಡಿಸಲು ಹೋದವರಿಗೂ ಯಾವ ಗ್ರಹಕ್ಕೆ ಯಾವ ಕಲ್ಲು ಎಂದು ಅರ್ಧ ದಿನ ಕೊರೆಯುತ್ತಿದ್ದ. ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನ್ನ ಮದುವೆಗೆ ಕಲ್ಲು ಹಾಕಲು ಹೊರಟ ಮಹಾನುಭಾವ ಇವನೇ.

ಆಗ ಯುದ್ಧದ ಕಾಲ. ನಮ್ಮ ಮನೆ ಮಂಡ್ಯದ ಗುತ್ತಲಿನಲ್ಲಿ. ಗಂಡಿನ ಕಡೆಯವರು ಮಳವಳ್ಳಿಯವರು. ಹುಡುಗನಿಗೆ ಶಿವನಸಮುದ್ರದಲ್ಲಿ ಕರೆಂಟಿನ ಕೆಲಸ. ನಿಶ್ಚಿತಾರ್ಥದ ದಿನ ಅವನ ತಾಯಿ ಹಳೆಯ ಪಚ್ಚೆಯ ಉಂಗುರವೊಂದನ್ನು ತಂದರು. ಅರಿಶಿನದ ಬಟ್ಟೆ ಬಿಚ್ಚಿ ದೂರದಿಂದಲೇ ತೋರಿಸಿದರು. ನಾನು ಕೈ ಚಾಚಿದರೆ ಕೈಯನ್ನೇ ಆಚೆ ತಳ್ಳಿದರು. ಧಾರೆಗೆ ಮೊದಲು ಹೆಣ್ಣು ಅದನ್ನು ಮುಟ್ಟುವಂತಿಲ್ಲ, ಅದು ಅವರ ಮನೆಯ ಪದ್ಧತಿಯಂತೆ. ರಾಗಿ ಬೀಸಿ ಬೀಸಿ ದಪ್ಪಗಾಗಿದ್ದ ನನ್ನ ಬೆರಳಿಗೆ ನೂಲು ಸುತ್ತಿ, ಗಂಟು ಹಾಕಿ ತೆಗೆದುಕೊಂಡರು. ಆ ಅಳತೆಗೆ ಉಂಗುರವನ್ನು ದೊಡ್ಡದು ಮಾಡಲು ನೂಲನ್ನೂ ಉಂಗುರವನ್ನೂ ಮದ್ದೂರಿನ ಅಂಗಡಿಗೆ ಕೊಟ್ಟು ಊರಿಗೆ ಹೋದರು.

ಉಂಗುರ ದೊಡ್ಡದು ಮಾಡುವುದೆಂದರೆ ಅದನ್ನು ಕತ್ತರಿಸಿ, ನಡುವೆ ಚೂರು ಚಿನ್ನ ಸೇರಿಸಿ, ಊದುಕೊಳವೆಯಿಂದ ಉರಿ ಊದಿ ಬೆಸೆಯುವುದು. ಬೆಂಕಿಗೆ ಹಿಡಿಯುವ ಮೊದಲು ಕಲ್ಲನ್ನು ಬಿಚ್ಚಿಡಬೇಕು. ಇವನಿಗೆ ಬಿಚ್ಚಿ ಮತ್ತೆ ಕೂರಿಸುವ ಕಷ್ಟ ಬೇಡವಾಗಿತ್ತು. ಕಲ್ಲಿದ್ದ ಹಾಗೆಯೇ ಊದಿದ, ಬಿಸಿ ಆರುವ ಮೊದಲೇ ನೀರಿಗೆ ಅದ್ದಿದ. ಪಚ್ಚೆ ಅಡ್ಡಡ್ಡ ಬಿರುಕು ಬಿಟ್ಟಿತು.

ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಹೆಣ್ಣಿನ ಬೆರಳಿಗೆ ಕಲ್ಲು ಆಗಿಬರಲಿಲ್ಲ, ಅವಳ ದೋಷ ತಾಳಲಾರದೆ ಒಡೆಯಿತು ಎಂದು ಮಳವಳ್ಳಿಗೆ ಹೇಳಿಕಳಿಸಿದ! ತನ್ನ ಸೋಮಾರಿತನವನ್ನು ಮುಚ್ಚಿಕೊಳ್ಳಲು ಕಣ್ಣಿಂದಲೂ ನೋಡದ ಹುಡುಗಿಯ ಬಾಳಿನ ಮೇಲೆ ಮಣ್ಣು ಎಳೆದ. ಅವರೋ, ಅಪ್ಪಟ ಹಿತ್ತಾಳೆ ಕಿವಿಯವರು. ಮದ್ದೂರಿಗೆ ಬನ್ನಿ, ಅಂಗಡಿಯಲ್ಲೇ ನಿಮ್ಮ ತಾಂಬೂಲ ಹಿಂದಕ್ಕೆ ಕೊಡುತ್ತೇವೆ ಎಂದು ಹೇಳಿಕಳಿಸಿದರು. ನಮ್ಮಪ್ಪ ಏನು ಮಾಡಿದ? ಗುಡಿಗೆ ಹೋಗಿ ನನಗೊಂದು ತಾಯತ ತಂದ. ನಾನು ಅದನ್ನು ಒಲೆಗೆ ಹಾಕಿ, ನಾನೂ ಬರುತ್ತೇನೆ ಎಂದೆ. ಮದುವೆಯಾಗದ ಹೆಣ್ಣು ಇಂಥದ್ದಕ್ಕೆಲ್ಲ ಬರುವುದುಂಟೇ ಎಂದು ಗೊಣಗಿದ. ಬಂದೇಬಿಟ್ಟೆ.

ಅಂಗಡಿಯಲ್ಲಿ ಹುಡುಗನ ತಾಯಿ ತಾಂಬೂಲದ ತಟ್ಟೆ ಇಟ್ಟುಕೊಂಡು ಕುಳಿತಿದ್ದರು. ಹುಡುಗ ಬಂದಿರಲಿಲ್ಲ, ತನ್ನ ಮದುವೆ ಮುರಿಯುವುದನ್ನು ನೋಡಲು ಅವನಿಗೆ ರಜ ಸಿಕ್ಕಿರಲಿಲ್ಲವಂತೆ. ಅಕ್ಕಸಾಲಿಗ ಉಂಗುರವನ್ನು ಮುಂದಿಟ್ಟು, ನನ್ನ ಕಡೆ ನೋಡದೆ ಅಪ್ಪನಿಗೆ ಹೇಳಿದ:

"ಕಲ್ಗೂ ಜೀವ ಅದೆ ಕಣಪ್ಪ. ಆಗದಿದ್ದೋರ ಬೆರಳ್ಗೆ ಹೋದ್ರೆ ತಡಕೊಳ್ಳಾಕಿಲ್ಲ."

ಅಪ್ಪ ತಲೆಯಾಡಿಸಿದ. ಅದನ್ನು ಕಂಡು ನನ್ನ ಮೈ ಉರಿದುಹೋಯಿತು. ಉಂಗುರವನ್ನು ಎತ್ತಿಕೊಂಡೆ. ಕಲ್ಲಿನ ಕೆಳಗೆ ತುಂಬಿದ್ದ ಅರಗು ಕರಗಿ, ಅಂಚಿನಲ್ಲಿ ಉಕ್ಕಿ, ಸುಟ್ಟು ಕರಿಯಾಗಿತ್ತು.

"ಆಚಾರ್ರೇ, ನನ್ನ ಬೆರಳು ಈ ಉಂಗ್ರನ ಮುಟ್ಟಿದ್ದೇ ಈಗ," ಎಂದೆ. "ನಿಮ್ತಾವ ಬಂದಿದ್ದು ನನ್ನ ನೂಲು. ನೂಲ್ ಕಂಡು ಪಚ್ಚೆ ಒಡ್ದೋಯ್ತಾ? ಈ ಅರಗು ಸುಟ್ಟಿದ್ದೂ ನನ್ನ ದೋಸವಾ?"

ಹುಡುಗನ ತಾಯಿ ನನ್ನ ಬೆರಳನ್ನು ನೋಡಿದರು, ಉಂಗುರವನ್ನು ನೋಡಿದರು. ಮುಟ್ಟಬೇಡ ಎಂದು ನನ್ನ ಕೈ ತಳ್ಳಿದವರೇ ಅವರು. ಅದನ್ನು ಅವರೂ ಮರೆತಿದ್ದರು, ಪಕ್ಕದಲ್ಲೇ ಕುಳಿತು ನೋಡಿದ್ದ ನಮ್ಮಪ್ಪನೂ ಮರೆತಿದ್ದ. ದೋಷ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮವರ ತಲೆಗೆ ಬೀಗ ಬೀಳುತ್ತದೆ.

ಅಕ್ಕಸಾಲಿಗ ಊದುಕೊಳವೆಯನ್ನು ಆ ಕಡೆ ಈ ಕಡೆ ಸರಿಸಿದ. ಕೊನೆಗೆ, "ಕಲ್ ಬಿಚ್ದೆ ಊದ್ಬುಟ್ಟೆ. ನನ್ನದೇ ತಪ್ಪು," ಎಂದ. ಪೆಟ್ಟಿಗೆ ತೆಗೆದು ತನ್ನದೇ ಒಂದು ಪಚ್ಚೆಯನ್ನು ಹೊರತೆಗೆದು, ಇದನ್ನು ಕೂರಿಸಿಕೊಡುತ್ತೇನೆ, ಇದು ಅದಕ್ಕಿಂತ ಚೆನ್ನ ಎಂದ. ಹುಡುಗನ ತಾಯಿ ತಾಂಬೂಲದ ತಟ್ಟೆಯನ್ನು ಮೆಲ್ಲಗೆ ಸೆರಗಿನೊಳಕ್ಕೆ ಎಳೆದುಕೊಂಡು, ಹಾಗೇ ಮಾಡಿ, ಧಾರೆಗೆ ಒಡೆದ ಕಲ್ಲು ಶುಭವಲ್ಲ ಎಂದರು.

ಒಡೆದದ್ದನ್ನೇ ಕೂರಿಸಬೇಕು, ನನ್ನ ಬೆರಳಲ್ಲಿ ಅದು ಇನ್ನೆಷ್ಟು ಒಡೆಯುತ್ತದೋ ನೋಡೋಣ, ಇಲ್ಲದಿದ್ದರೆ ಆ ತಟ್ಟೆಯನ್ನು ಈಗಲೇ ಕೊಟ್ಟುಬಿಡಿ ಎಂದೆ. ಅಪ್ಪ ನನ್ನ ಸೆರಗು ಜಗ್ಗಿದ. ನಾನು ಜಗ್ಗಲಿಲ್ಲ.

ಅದನ್ನೇ ಹಾಕಿಕೊಂಡು ಧಾರೆಗೆ ನಿಂತೆ. ಈ ಉಂಗುರದ ಕೈಯಲ್ಲೇ ಮುದ್ದೆ ತಿರುವಿದ್ದೇನೆ, ನಾಲ್ಕು ಮಕ್ಕಳನ್ನು ಎರೆದು ಬೆಳೆಸಿದ್ದೇನೆ, ಹಾಸಿಗೆ ಹಿಡಿದ ಅತ್ತೆಯ ಮೈ ತೊಳೆದಿದ್ದೇನೆ. ಬಿರುಕು ಅವತ್ತು ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ.