ಸೋಮವಾರದ ಎಂಜಿನು

ಹಗ್ಗದ ಮೂರನೆಯ ಗಂಟಿಗೆ ಇನ್ನೂ ಕ್ರೂಡಾಯಿಲ್ ವಾಸನೆಯಿದೆ. ರಜಕ್ಕೆಂದು ಕಳೆದ ವಾರ ರಾವಂದೂರಿನ ಹತ್ತಿರದ ನಮ್ಮೂರಿಗೆ ಬಂದವಳು, ಪಂಪ್‌ಶೆಡ್ಡಿನ ಮೊಳೆಯಲ್ಲಿ ಅದು ತೂಗುತ್ತಿದ್ದುದನ್ನು ಕಂಡು ಮೂಸಿ ನೋಡಿದೆ. ಹಗ್ಗವನ್ನು ಮೂಸುವವರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ, ಓದುಗರೇ, ನನಗೆ ತಿಳಿಯದು.

ಆ ಗಂಟುಗಳನ್ನು ಹಾಕಿದ್ದು ನಾನು ಬಿ.ಎಸ್ಸಿ. ಓದುತ್ತಿದ್ದಾಗಿನ ಬೇಸಿಗೆಯಲ್ಲಿ. ಹಿಂದಿನ ವರ್ಷವಷ್ಟೇ ಅಪ್ಪ ಹುಣಸೂರಿನಿಂದ ಗಾಡಿಯಲ್ಲಿ ಆಯಿಲ್ ಎಂಜಿನ್ ತಂದಿದ್ದರು. ಆದರೂ ಹೊಗೆಸೊಪ್ಪಿನ ಸಸಿಮಡಿಗೆ ನೀರು ಸಾಲುತ್ತಿರಲಿಲ್ಲ. ಬಾವಿ ಬತ್ತುತ್ತಿದ್ದರೆ ಹೊಗೆಸೊಪ್ಪು ಬಿಡಬೇಕು. ಎಂಜಿನ್ ಕೈಕೊಡುತ್ತಿದ್ದರೆ ಅದನ್ನು ಮಾರಬೇಕು. ಯಾವುದೆಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಓದಿದೋಳು, ನೀನೇ ನೋಡಿ ಯೋಳವ್ವ," ಎಂದರು ಅಪ್ಪ.

ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ದಿನಾ ಸಂಜೆ ಬಾವಿಗೆ ಇಳಿಬಿಡುತ್ತಿದ್ದೆ. ನೀರು ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಆಮೇಲೆ, ಹನಿ ಮಳೆಯಿಲ್ಲದೆ, ಒಂದು ದಿನ ಏರಿರುತ್ತಿತ್ತು. ಅದೇ ದಿನ ಎಂಜಿನ್ ಸದ್ದಿಲ್ಲದೆ ಕೂತಿರುತ್ತಿತ್ತು. ಮತ್ತೆ ಇಳಿತ, ಮತ್ತೆ ಏರಿಕೆ. ಪ್ರಯೋಗಶಾಲೆಯ ಅಭ್ಯಾಸದಂತೆ ನಾನು ಲಕ್ಷ್ಯವಿಟ್ಟಿದ್ದು ತಾರೀಖಿನ ಮೇಲೆ, ವಾರದ ಮೇಲಲ್ಲ. ಯಾರನ್ನಾದರೂ ಕೇಳಬಹುದಿತ್ತು, ಕೇಳುವುದು ನನ್ನ ಸ್ವಭಾವವಲ್ಲ. ಇಷ್ಟು ಕ್ರಮವಾಗಿ ಕೆಡುವ ಯಂತ್ರವನ್ನು ಕಂಡುಹಿಡಿದೆನೆಂಬ ಹೆಮ್ಮೆ ಬೇರೆ. ಕೊನೆಗೊಂದು ಸಂಜೆ ಜಗಲಿಯಲ್ಲಿ, "ಎಂಜಿನ್ನನ್ನು ನಂಬೋ ಹಾಗಿಲ್ಲ ಅಪ್ಪ. ಕೆಲವು ದಿನ ಶುರುವೇ ಆಗೋದಿಲ್ಲ," ಎಂದೆ.

ಎಂಜಿನ್ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪ ಎಲೆಅಡಿಕೆ ಉಗುಳಿ ನಕ್ಕರು. "ಕೆಟ್ಟಿಲ್ಲ ಕಣವ್ವ, ನಾನೇ ನಿಲ್ಸಿರೋದು. ಸೋಮಾರ ಬಸವಣ್ಣನ ದಿನ, ಎತ್ತಿನ ಎಗಲ್ಗೆ ನೊಗ ಮಡಗ್ತೀವಾ? ಇದೂ ನಮ್ಗೆ ದುಡಿಯೋದೇ ಅಲ್ವಾ?"

"ಅಂಗಾರೆ ಒಸಿ ಬೂಸಾನೂ ಇಕ್ಬುಡಿ ಅದ್ಕೆ!" ಒಳಗಿನಿಂದ ಅಮ್ಮ.

ಅಪ್ಪ ನಗಲಿಲ್ಲ. "ಈಗ ಸೋತಿರಾದು ಬಾವಿಯೋ ಎಂಜಿನ್ನೋ, ಅದ್ನ ಯೋಳು."

ನನಗೆ ತಿಳಿಯಲಿಲ್ಲ. ಕಬ್ಬಿಣ ದಣಿಯುವುದಿಲ್ಲ, ಸರಿ. ಆದರೆ ಅದು ಸುಮ್ಮನಿದ್ದ ದಿನವೇ ಬಾವಿ ಚೇತರಿಸಿಕೊಳ್ಳುತ್ತಿತ್ತು. ಬಸವನ ಹೆಸರಿನಲ್ಲಿ ಕೊಟ್ಟ ಬಿಡುವು ಬಾವಿಗೆ ಸಂದಿದ್ದರೆ, ಅದನ್ನು ಯಾರ ಗುಣವೆನ್ನುವುದು? ಅಪ್ಪ ಹೊಗೆಸೊಪ್ಪನ್ನೂ ಬಿಡಲಿಲ್ಲ, ಎಂಜಿನ್ನನ್ನೂ ಮಾರಲಿಲ್ಲ. ಚಿಕ್ಕಪ್ಪನ ಸೋಮವಾರವೂ ಉಳಿದುಕೊಂಡಿತು.

ಈ ಸಲ ಅಪ್ಪ ಸಸಿಮಡಿ ಹೆಚ್ಚಿಸಿದ್ದಾರೆ. ಮೊನ್ನೆ ಭಾನುವಾರ ಊಟಕ್ಕೆ ಕೂತಾಗ, "ನಾಳಿಂದ ಸೋಮಾರನೂ ಓಡ್ಲಿ ಬುಡು. ಕಬ್ಬಿಣಕ್ಕೆ ಎಂಥ ವ್ರತ?" ಎಂದರು. ಚಿಕ್ಕಪ್ಪ ನನ್ನ ಮುಖ ನೋಡಿದರು. ಬಾವಿ ಎಷ್ಟು ತಾಳೀತು ಎಂದು ನಾನು ಈಗಲೂ ಹೇಳಲಾರೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಶೆಡ್ಡಿನಿಂದ ಹಗ್ಗ ತೆಗೆದುಕೊಂಡೆ. ಎಂಜಿನ್ ಒಳಗಿರುವಂತೆಯೇ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿನ ತುದಿಗೆ ಬಿಗಿಯಾಗಿ ಗಂಟು ಕಟ್ಟಿಕೊಂಡೆ.