ನಂಬರಿಲ್ಲದ ಕರೆಗಳು

ಲಿಫ್ಟ್ ರಿಪೇರಿಯ ಆ ಮೆಕ್ಯಾನಿಕ್‌ಗೆ ಕಂಪನಿಯಲ್ಲಿ ‘ಚಡಪಡಿ’ ಎಂದೇ ಹೆಸರು. ಕೂತಲ್ಲಿ ಕೂರುವ ಆಸಾಮಿಯಲ್ಲ ಅವನು. ಚಹಾ ಆರುವ ತನಕ ಕಾಯಲಾರದೆ ನಾಲಿಗೆ ಸುಟ್ಟುಕೊಳ್ಳುವವನು. ಈಚೆಗಂತೂ ಅವನ ಚಡಪಡಿಕೆ ಮಿತಿಮೀರಿತ್ತು. ಮಗಳು ಫೋನ್ ಎತ್ತುತ್ತಿರಲಿಲ್ಲ.

ಹೆಂಡತಿ ಹೋದ ಮೇಲೆ ತಾನೇ ತಲೆ ಬಾಚಿ, ಜಡೆ ಹಾಕಿ ಬೆಳೆಸಿದ ಮಗಳು. ಮೇಜಿನ ಮುಂದೆ ಕೂತು ಮಾಡುವ ಕೆಲಸ ಬಿಟ್ಟು ಕ್ರೇನ್ ಓಡಿಸುವುದನ್ನು ಕಲಿತಳು. ದೂರದ ಊರಿನಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡವೊಂದರಲ್ಲಿ ಕೆಲಸವೂ ಸಿಕ್ಕಿತು. ಹೊರಡುವ ದಿನ ಅಪ್ಪ ಬಾಯಿಗೆ ಬಂದಂತೆ ಆಡಿದ.

“ಅಷ್ಟೆತ್ತರದಿಂದ ಬಿದ್ದು ಸಾಯಲಿ ಅಂತಾನಾ ನಿನ್ನ ಸಾಕಿದ್ದು?”

ಅವಳು ಚೀಲ ಎತ್ತಿಕೊಂಡು ನಡೆದುಬಿಟ್ಟಳು.

ಅದೇ ವಾರ ಅವನ ಫೋನು ಜೇಬಿನಿಂದ ಜಾರಿ ಲಿಫ್ಟಿನ ಗುಂಡಿಗೆ ಬಿದ್ದು ಚೂರಾಯಿತು. ಯಾರೋ ಬಳಸಿ ಬಿಟ್ಟಿದ್ದ ಫೋನೊಂದನ್ನು ಜೊತೆಗಾರ ತಂದುಕೊಟ್ಟ. ಅದಕ್ಕೇ ತನ್ನ ಸಿಮ್ ಹಾಕಿಕೊಂಡು ದಿನಾ ಸಂಜೆ ಮಗಳಿಗೆ ಕರೆ ಮಾಡತೊಡಗಿದ. ಒಂದೆರಡು ಸಲ ರಿಂಗ್ ಆಗುವಷ್ಟರಲ್ಲಿ ಕಟ್.

“ಮೆಸೇಜ್ ಹಾಕು ಮಾರಾಯ,” ಎಂದ ಜೊತೆಗಾರ.

“ತಪ್ಪಾಯ್ತು ಅನ್ನೋದನ್ನ ಬೆರಳಲ್ಲಿ ಒತ್ತಿ ಕಳಿಸ್ತಾರೇನೋ? ಬಾಯಲ್ಲೇ ಹೇಳ್ಬೇಕು.”

ಹಾಗೆಂದನೇ ಹೊರತು ಒಳಗೊಳಗೇ ಕುದಿಯುತ್ತಿದ್ದ. ಗಾಳಿ ತುಸು ಜೋರಾಗಿ ಬೀಸಿದರೂ ಕಣ್ಣೆದುರು ಕ್ರೇನು ತೂಗಾಡುತ್ತಿತ್ತು. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದು ಫೋನ್ ನೋಡುತ್ತಿದ್ದ. ಬಸ್ಸಿನಲ್ಲಿ ಇಳಿಯಬೇಕಾದ ಕಡೆ ಇಳಿಯುವುದನ್ನೇ ಮರೆಯುತ್ತಿದ್ದ. ಇಷ್ಟು ಕಲ್ಲುಮನಸ್ಸು ಇವಳಿಗೆ ಯಾರಿಂದ ಬಂತು ಎಂದು ಯೋಚಿಸಿ, ಉತ್ತರ ಹೊಳೆದಾಗ ಇನ್ನಷ್ಟು ಕುಗ್ಗುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ವಸತಿ ಕಟ್ಟಡವೊಂದರ ಕಾವಲುಗಾರ ಫೋನ್ ಮಾಡಿದ. ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಹೋಗಿದೆ, ಒಳಗೆ ವಯಸ್ಸಾದ ಟೀಚರಮ್ಮ ಒಬ್ಬರೇ ಇದ್ದಾರೆ. ಚಡಪಡಿ ಆಟೋ ಹತ್ತಿ, ಕಾವಲುಗಾರ ಕೊಟ್ಟ ಆಕೆಯ ನಂಬರಿಗೆ ಕರೆ ಮಾಡಿದ. ಬಾಗಿಲು ಎಳೆಯಬೇಡಿ, ಸುಮ್ಮನೆ ಕೂತಿರಿ, ಬರ್ತಾ ಇದ್ದೀನಿ ಅಂತಷ್ಟೇ ಹೇಳಬೇಕಿತ್ತು. ಆಕೆ ಎತ್ತಲಿಲ್ಲ. ಮತ್ತೆ ಮಾಡಿದ, ಮತ್ತೂ ಮಾಡಿದ. ಉಸಿರುಗಟ್ಟಿ ಬಿದ್ದರೇ? ಅವನು ಮುಂದಕ್ಕೆ ಬಾಗಿ ಆಟೋದವನ ಭುಜ ತಟ್ಟಿದ.

“ಸ್ವಲ್ಪ ಬೇಗ ಹೋಗಪ್ಪಾ!”

“ರೆಕ್ಕೆ ಕಟ್ಕೊಳ್ಳಲಾ?” ಎಂದು ಆಟೋದವನು ರೇಗಿದ.

ತಲುಪಿದ್ದೇ ತಡ ಕಟ್ಟಡದ ತುದಿಯ ಮೋಟಾರು ಕೋಣೆಗೆ ಓಡಿದ. ಮೋಟಾರಿನ ಚಕ್ರ ಕೈಯಲ್ಲೇ ತಿರುಗಿಸಿ ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತಂದ. ಕೆಳಗೆ ಬಂದು ಬಾಗಿಲು ಸರಿಸಿದರೆ ಟೀಚರಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

“ಫೋನ್ ಎತ್ತೋಕೇನಾಗಿತ್ತಮ್ಮಾ ನಿಮಗೆ? ನನ್ನ ಜೀವ ಬಾಯಿಗೆ ಬಂದಿತ್ತು!”

“ನೀವೆಲ್ಲಿ ಮಾಡಿದ್ರಿ? ಯಾವನೋ ನಂಬರ್ ಮುಚ್ಚಿಟ್ಕೊಂಡೋನು ಒಂದೇ ಸಮ ಹೊಡೀತಿದ್ದ. ಈ ಹೊತ್ತಲ್ಲಿ ಇವನ ಕಾಟ ಬೇರೆ ಅಂತ ಕಟ್ ಮಾಡ್ದೆ. ನೋಡಿ ಬೇಕಾದ್ರೆ.”

ಪರದೆಯ ಮೇಲೆ ಸಾಲಾಗಿ ‘ಪ್ರೈವೇಟ್ ನಂಬರ್’ ಎಂದಿತ್ತು. ಅವನು ಅದನ್ನೇ ದಿಟ್ಟಿಸಿದ. ಮಗಳ ಫೋನಿನಲ್ಲೂ ಹೀಗೇ ಬಂದಿರಬೇಕಲ್ಲವೇ? ಲಿಫ್ಟಿನ ಕೆಟ್ಟುಹೋಗಿದ್ದ ರಿಲೇ ಸ್ವಿಚ್ಚು ಬದಲಿಸುವಾಗ ಸ್ಕ್ರೂಗಳು ಕೈಯಿಂದ ಉದುರಿ ಉದುರಿ ಬಿದ್ದವು. ಕೆಲಸ ಮುಗಿಸಿ ಎದುರುಗಡೆಯ ಮೊಬೈಲ್ ಅಂಗಡಿಗೆ ನುಗ್ಗಿದ.

ಅಂಗಡಿಯವಳು ಅವನ ಫೋನಿನಿಂದ ತನ್ನ ಫೋನಿಗೆ ಕರೆ ಮಾಡಿ ನಕ್ಕಳು. “ಇದರ ಹಿಂದಿನ ಯಜಮಾನ ಯಾರಿಂದಲೋ ತಲೆ ಮರೆಸ್ಕೊಂಡು ಓಡಾಡ್ತಿದ್ದ ಅನ್ಸುತ್ತೆ. ನಂಬರ್ ಮುಚ್ಚಿಡೋ ಸೆಟ್ಟಿಂಗ್ ಹಾಗೇ ಬಿಟ್ಟಿದ್ದಾನೆ.”

“ತೆಗೆಯಮ್ಮಾ, ಬೇಗ ತೆಗಿ.”

ಕಾಲ್ ಸೆಟ್ಟಿಂಗಿನೊಳಗೆ ಹೋಗಿ ‘ನಂಬರ್ ತೋರಿಸು’ ಒತ್ತಿ ನೋಡಿದಳು. ಮತ್ತೆ ‘ಪ್ರೈವೇಟ್’ ಎಂದೇ ಬಂತು. ಅವನು ಗಾಜಿನ ಕೌಂಟರಿನ ಅಂಚು ಕೆರೆಯತೊಡಗಿದ.

“ಗಾಜು ಒಡೀಬೇಡಿ ಅಂಕಲ್, ಆಫ್ ಮಾಡಿ ಆನ್ ಮಾಡ್ತೀನಿ.”

ಈ ಸಲ ಅವಳ ಪರದೆಯ ಮೇಲೆ ಅವನ ನಂಬರು ಪೂರ್ತಿ ಮೂಡಿತು.

ರಸ್ತೆಗೆ ಬಂದವನಿಗೆ ಹೊಸ ದಿಗಿಲು ಹಿಡಿಯಿತು. ಇಷ್ಟು ದಿನ ಅವಳಿಗೆ ಗೊತ್ತಾಗಲಿಲ್ಲ ಎನ್ನಬಹುದು. ಈಗಲೂ ಕಟ್ ಮಾಡಿದರೆ? ಫೋನನ್ನು ಜೇಬಿಗಿಟ್ಟ, ತೆಗೆದ, ಮತ್ತೆ ಇಟ್ಟ. ಕೊನೆಗೆ ಕಣ್ಣು ಮುಚ್ಚಿ ಒತ್ತಿದ. ರಿಂಗಾಯಿತು. ಬಹಳ ಹೊತ್ತು ರಿಂಗಾಯಿತು.

“ಈಗ ನೆನಪಾಯ್ತಾ ಮಗಳು?” ಆಚೆಯಿಂದ ಒಡಕು ದನಿ. “ಬದುಕಿದ್ದೀನೋ ಇಲ್ವೋ ಅಂತ ಒಂದು ಸಲಾನೂ ಕೇಳ್ಲಿಲ್ಲ.”

“ದಿನಾ ಮಾಡ್ತಿದ್ದೆ ಕಣೇ! ಸಂಜೆ ಸಂಜೆ!”

“ಅಯ್ಯೋ, ಆ ಪೋಲಿ ನೀನೇನಪ್ಪಾ? ಇಲ್ಲಿ ಎಲ್ಲರ ಮುಂದೂ ನಿನ್ನ ಬೈದಿದ್ದೀನಿ!”

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ತಪ್ಪಾಯ್ತು ಮಗಳೇ. ಅವತ್ತು ಹಾಗನ್ನಬಾರದಿತ್ತು.”

“ಕೋಪ ಇನ್ನೂ ಹೋಗಿಲ್ಲ ನಂಗೆ.”

“ಇರ್ಲಿ ಬಿಡು. ಫೋನ್ ಎತ್ಕೊಂಡೇ ಕೋಪ ಮಾಡ್ಕೋ.”

ಅವಳು ಮೂಗು ಸೀಟಿದ ಸದ್ದು ಕೇಳಿಸಿತು. ಇನ್ನೇನು ಮೇಲೆ ಹತ್ತಬೇಕು, ಕೆಲಸ ಮುಗಿಸಿ ತಾನೇ ಮಾಡುತ್ತೇನೆ ಎಂದಳು.

“ಮೇಲೆ ಗಾಳಿ ಹೇಗಿದೆ?” ಎಂದ, ತಡೆಯಲಾರದೆ.

“ಶುರು ಮಾಡ್ಬೇಡಪ್ಪಾ,” ಎಂದಳು ಮಗಳು.